ಬಸಿರಿನ ಮೊದಲ ತಿಂಗಳುಗಳ ಬಿಳಿಸೆರಗು

ಮುಟ್ಟು ತಪ್ಪಿ ಒಂದೆರಡು ವಾರ ಕಳೆದಿರುತ್ತದೆ, ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿರುತ್ತದೆ. ಅದೇ ಹೊತ್ತಿಗೆ ಒಳಉಡುಪು ದಿನವಿಡೀ ತೇವವಾಗಿರತೊಡಗುತ್ತದೆ. ವಾಕರಿಕೆ, ಸುಸ್ತು ಇವನ್ನು ಅತ್ತೆಯ ಬಳಿಯೂ ಹೇಳಿಕೊಳ್ಳಬಹುದು, ಪಕ್ಕದ ಮನೆಯವರ ಬಳಿಯೂ ಹೇಳಿಕೊಳ್ಳಬಹುದು. ಇದನ್ನು ಮಾತ್ರ ಬಾಯಿಬಿಟ್ಟು ಹೇಳಲು ಸಂಕೋಚ. ಹೀಗಾಗಿ ಕೆಲವರು ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಾರೆ, ಇನ್ನು ಕೆಲವರು ಔಷಧದ ಅಂಗಡಿಯಿಂದ ತೊಳೆದುಕೊಳ್ಳುವ ದ್ರವವೊಂದನ್ನು ತಂದುಕೊಳ್ಳುತ್ತಾರೆ. ಈ ಎರಡನೆಯವರ ಬಗ್ಗೆ ನನಗೆ ಹೆಚ್ಚು ಚಿಂತೆ. ಕಾರಣ ಮುಂದೆ ಬರುತ್ತದೆ.

ಬಿಳಿಸೆರಗು ಎಂದರೆ ಯೋನಿಯಿಂದ ಹೊರಬರುವ, ರಕ್ತವಲ್ಲದ ಸ್ರಾವ. ಬಿಳಿಮುಟ್ಟು ಎಂದೂ ಕರೆಯುತ್ತಾರೆ, ‘ಬಿಳಿ ಹೋಗುತ್ತಿದೆ’ ಎಂದೂ ಹೇಳುತ್ತಾರೆ. ಆಯುರ್ವೇದದವರ ಬಾಯಲ್ಲಿ ಅದು ಶ್ವೇತಪ್ರದರ, ಆಸ್ಪತ್ರೆಯ ಚೀಟಿಯಲ್ಲಿ ಲ್ಯೂಕೋರಿಯಾ. ಹೆಸರುಗಳೆಲ್ಲ ಕಾಯಿಲೆಯಂತೆ ಕೇಳಿಸಿದರೂ ಮೈನೆರೆದಾಗಿನಿಂದ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಈ ಸ್ರಾವ ಎಲ್ಲ ಹೆಂಗಸರಲ್ಲೂ ಇದ್ದೇ ಇರುತ್ತದೆ. ಬಸಿರಿಲ್ಲದಾಗ ದಿನಕ್ಕೆ ಸುಮಾರು 1ರಿಂದ 4 ಮಿಲಿಲೀಟರ್. ಅದರಲ್ಲಿರುವುದು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಗ್ರಂಥಿಗಳು ಸುರಿಸುವ ಲೋಳೆ, ಯೋನಿಯ ಗೋಡೆಯಿಂದ ಜಿನುಗುವ ನೀರು, ಉದುರಿದ ಹಳೆಯ ಜೀವಕೋಶಗಳು, ಮತ್ತು ಅಲ್ಲೇ ನೆಲೆಸಿರುವ ಬ್ಯಾಕ್ಟೀರಿಯಾಗಳು.

ಗರ್ಭ ನಿಂತ ಮೇಲೆ ಈ ಪ್ರಮಾಣ ಏರುವುದಕ್ಕೆ ಮುಖ್ಯ ಕಾರಣ ಈಸ್ಟ್ರೋಜನ್ ಹಾರ್ಮೋನ್. ಅದರ ಮಟ್ಟ ಹೆಚ್ಚಿದಂತೆ ಗರ್ಭಕಂಠಕ್ಕೂ ಯೋನಿಗೂ ಹರಿಯುವ ರಕ್ತ ಹೆಚ್ಚುತ್ತದೆ. ಎಷ್ಟರಮಟ್ಟಿಗೆ ಎಂದರೆ ಆರರಿಂದ ಎಂಟು ವಾರದ ಹೊತ್ತಿಗೆ ಒಳಗಿನ ಪೊರೆ ಗುಲಾಬಿ ಬಣ್ಣ ಬಿಟ್ಟು ನೀಲಿಗೆ ತಿರುಗಿರುವುದು ವೈದ್ಯರ ಕಣ್ಣಿಗೆ ಕಾಣುತ್ತದೆ. 1886ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ರೀಡ್ ಚಾಡ್ವಿಕ್ ಇದನ್ನು ಸಹವೈದ್ಯರ ಮುಂದೆ ವಿವರಿಸಿದ್ದರಿಂದ ‘ಚಾಡ್ವಿಕ್ ಚಿಹ್ನೆ’ ಎಂಬ ಹೆಸರು ಉಳಿದುಕೊಂಡಿದೆ. ಮೂತ್ರದ ಪಟ್ಟಿಗಳು ಇಲ್ಲದ ಕಾಲದಲ್ಲಿ ಬಸಿರನ್ನು ಊಹಿಸಲು ಇದ್ದ ಕೆಲವೇ ದಾರಿಗಳಲ್ಲಿ ಅದೂ ಒಂದು. ರಕ್ತ ಹೆಚ್ಚಾದಾಗ ಗ್ರಂಥಿಗಳ ಕೆಲಸವೂ ಹೆಚ್ಚುತ್ತದೆ, ಗೋಡೆಯಿಂದ ಜಿನುಗುವ ನೀರೂ ಹೆಚ್ಚುತ್ತದೆ. ಇಷ್ಟೇ ವಿಷಯ.

ಈಸ್ಟ್ರೋಜನ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಯೋನಿಯ ಗೋಡೆಯ ಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯಂಥ ವಸ್ತುವನ್ನು ತುಂಬಿಸುತ್ತದೆ. ಅದು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳಿಗೆ ಆಹಾರ. ಅವು ಅದನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಾಯಿಸುತ್ತವೆ, ಯೋನಿಯ ಪಿಎಚ್ ಮಟ್ಟ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.5ಕ್ಕಿಂತ ಕೆಳಗೆ ಉಳಿಯುತ್ತದೆ, ಬೇರೆ ರೋಗಾಣುಗಳಿಗೆ ಅಲ್ಲಿ ನೆಲೆಯೂರುವುದು ಕಷ್ಟವಾಗುತ್ತದೆ. ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್‌ಲೈನ್ 1892ರಲ್ಲೇ ಈ ಬ್ಯಾಕ್ಟೀರಿಯಾಗಳನ್ನು ವಿವರಿಸಿದ್ದ. ಆರೋಗ್ಯಕರ ಸ್ರಾವಕ್ಕೆ ತುಸು ಹುಳಿ ವಾಸನೆ ಇರುವುದು ಈ ಆಮ್ಲದಿಂದಲೇ. ಕಪ್ಪು ಅಥವಾ ಗಾಢ ಬಣ್ಣದ ಒಳಉಡುಪಿನ ನಡುಭಾಗ ಕ್ರಮೇಣ ಬಣ್ಣ ಕಳೆದುಕೊಂಡು ಪೇಲವವಾಗುವುದಕ್ಕೂ ಇದೇ ಕಾರಣ, ಬಟ್ಟೆಯ ದೋಷವಲ್ಲ.

ಇನ್ನು ಪ್ರೊಜೆಸ್ಟರಾನ್ ಹಾರ್ಮೋನ್. ಅದು ಗರ್ಭಕಂಠದ ಲೋಳೆಯನ್ನು ಗಟ್ಟಿಯಾಗಿಸಿ, ಗರ್ಭಕೋಶದ ಬಾಯಿಯನ್ನು ಹೆರಿಗೆಯ ಕಾಲದವರೆಗೆ ಮುಚ್ಚಿಡುತ್ತದೆ. ದಿನ ತುಂಬಿದಾಗ ಕಳಚಿ ಬರುವ ಅಂಟಾದ, ಕೆಲವೊಮ್ಮೆ ರಕ್ತದ ಎಳೆ ಇರುವ ಲೋಳೆ ಇದೇ.

ಹಾಗಾದರೆ ಸಹಜವಾದದ್ದು ಹೇಗಿರುತ್ತದೆ? ತೆಳ್ಳಗೆ, ನೀರಿನಂತೆ ತಿಳಿಯಾಗಿ ಅಥವಾ ಹಾಲಿನ ಬಿಳುಪಾಗಿ. ನಾತ ಇರುವುದಿಲ್ಲ, ತುರಿಕೆ ಇರುವುದಿಲ್ಲ, ಉರಿ ಇರುವುದಿಲ್ಲ. ದಿನಕ್ಕೆ ಎರಡು ಸಲ ಒಳಉಡುಪು ಬದಲಿಸಬೇಕಾಗಿ ಬಂದರೂ ಅದು ಸಹಜವೇ. ಜನ ಎಡವುವುದು ಬಣ್ಣ ನೋಡುವಾಗ. ಬೆಳಿಗ್ಗೆ ಹಾಕಿಕೊಂಡ ಬಟ್ಟೆಯನ್ನು ಸಂಜೆ ಬಚ್ಚಲಿನಲ್ಲಿ ತೆಗೆದಾಗ ನಡುವೆ ತಿಳಿಹಳದಿ ಕಲೆ, ಮುಟ್ಟಿದರೆ ಅಂಚು ಒಣಗಿ ಗಡುಸಾಗಿರುತ್ತದೆ. ‘ಹಳದಿ ಹೋಗುತ್ತಿದೆ, ಸೋಂಕು ಇರಬೇಕು’ ಎಂಬ ಗಾಬರಿ ಹುಟ್ಟುವುದು ಆಗ. ಆದರೆ ಬಿಳಿ ಸ್ರಾವ ಗಾಳಿಗೆ ಒಣಗಿದರೆ ಹಳದಿಗೆ ತಿರುಗುವುದು ಅದರ ಸ್ವಭಾವ. ನೋಡಬೇಕಾದದ್ದು ಆಗಷ್ಟೇ ಬಂದದ್ದನ್ನು. ಮೂತ್ರಕ್ಕೆ ಹೋದಾಗ ಬಿಳಿಯ ಹತ್ತಿ ಬಟ್ಟೆಯ ತುಂಡಿನಿಂದ ಒರೆಸಿಕೊಂಡು ಬೆಳಕಿಗೆ ಹಿಡಿದರೆ ಬಣ್ಣ ಸರಿಯಾಗಿ ತಿಳಿಯುತ್ತದೆ. ಅದೂ ಹಳದಿ ಅಥವಾ ಹಸಿರಾಗಿ ಕಂಡರೆ ವೈದ್ಯರಿಗೆ ತೋರಿಸಬೇಕು.

ಬಿಳಿಸೆರಗು ನೋಡಿಯೇ ಬಸಿರನ್ನು ಗುರುತಿಸಬಹುದು ಎಂದು ಹೇಳುವವರೂ ಇದ್ದಾರೆ. ಆಗದ ಮಾತು. ಅಂಡೋತ್ಪತ್ತಿಯ ಮೇಲೆ ಪ್ರೊಜೆಸ್ಟರಾನ್ ಏರುವುದು ಪ್ರತಿ ತಿಂಗಳೂ ನಡೆಯುವ ಸಂಗತಿ. ಆದ್ದರಿಂದ ಮುಟ್ಟಿನ ಹಿಂದಿನ ವಾರ ಬರುವ ಮಂದ ಬಿಳಿಗೂ ಬಸಿರಿನ ಮೊದಲ ವಾರಗಳ ಬಿಳಿಗೂ ಕಣ್ಣಳತೆಯಲ್ಲಿ ವ್ಯತ್ಯಾಸ ಹೇಳಲು ಬರುವುದಿಲ್ಲ. ಮುಟ್ಟು ತಪ್ಪಿದ ಮೇಲೆ ಮೂತ್ರ ಪರೀಕ್ಷೆ ಮಾಡಿಕೊಳ್ಳುವುದೇ ಸರಿ. ಆಶಾ ಕಾರ್ಯಕರ್ತೆಯರ ಬಳಿ ಇರುವ ನಿಶ್ಚಯ್ ಕಿಟ್ ಇದಕ್ಕಾಗಿಯೇ ಇರುವುದು.

ಸೋಂಕುಗಳ ಮಾತಿಗೆ ಬಂದರೆ, ಬಸುರಿಯರಲ್ಲಿ ಬಹಳ ಸಾಮಾನ್ಯವಾದದ್ದು ಕ್ಯಾಂಡಿಡಾ ಶಿಲೀಂಧ್ರದ್ದು. ಈಸ್ಟ್ರೋಜನ್ ತುಂಬಿಟ್ಟ ಅದೇ ಗ್ಲೈಕೋಜನ್ ಈ ಶಿಲೀಂಧ್ರಕ್ಕೂ ಒಳ್ಳೆಯ ಊಟ. ಸ್ರಾವ ಗಟ್ಟಿಯಾಗಿ ಒಡೆದ ಮೊಸರಿನಂತೆ ಗಡ್ಡೆಗಡ್ಡೆಯಾಗಿ ಬರುತ್ತದೆ. ನಾತ ಇರುವುದಿಲ್ಲ. ಆದರೆ ತುರಿಕೆ ರಾತ್ರಿ ನಿದ್ದೆಗೆಡಿಸುತ್ತದೆ, ಹೊರಭಾಗ ಕೆಂಪಾಗಿ ಊದಿಕೊಳ್ಳುತ್ತದೆ, ಮೂತ್ರ ತಾಗಿದರೆ ಉರಿಯುತ್ತದೆ. ಮಗುವಿಗೆ ಇದರಿಂದ ದೊಡ್ಡ ಅಪಾಯವೇನಿಲ್ಲ, ತಾಯಿಗೆ ಮಾತ್ರ ಹಿಂಸೆ. ಪದೇ ಪದೇ ಬರುತ್ತಿದ್ದರೆ ರಕ್ತದಲ್ಲಿ ಸಕ್ಕರೆಯ ಮಟ್ಟ ನೋಡಿಸುವುದು ಒಳ್ಳೆಯದು.

ಇದಕ್ಕೆ ಬಸಿರಿನಲ್ಲಿ ಕೊಡುವುದು ಕ್ಲೋಟ್ರಿಮಜೋಲ್‌ನಂಥ ಔಷಧ. ಮುಲಾಮು ಅಥವಾ ಯೋನಿಯೊಳಗೆ ಇಡುವ ಮಾತ್ರೆಯ ರೂಪದಲ್ಲಿ, ಸಾಮಾನ್ಯವಾಗಿ ಏಳು ರಾತ್ರಿ. ಬಸಿರಿಲ್ಲದವರಿಗೆ ಒಂದೇ ದಿನ ನುಂಗಲು ಕೊಡುವ ಫ್ಲುಕೋನಜೋಲ್ 150 ಮಿಲಿಗ್ರಾಂ ಮಾತ್ರೆ ಇದೆಯಲ್ಲ, ಅದನ್ನು ಮೊದಲ ತಿಂಗಳುಗಳಲ್ಲಿ ತೆಗೆದುಕೊಳ್ಳಬಾರದು. ಡೆನ್ಮಾರ್ಕಿನ ದಾಖಲೆಗಳನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ನುಂಗಿದ ಬಸುರಿಯರಲ್ಲಿ ಗರ್ಭಪಾತ ಹೆಚ್ಚಿದ್ದುದನ್ನು ತೋರಿಸಿತು. ನಮ್ಮಲ್ಲಿ ಔಷಧದ ಅಂಗಡಿಯವರು ‘ತುರಿಕೆ’ ಎಂದ ಕೂಡಲೇ ಕೈಗೆ ಕೊಡುವುದು ಇದೇ ಮಾತ್ರೆಯನ್ನು. ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಯೋನಿಸ್ರಾವಕ್ಕೆಂದು ಇರುವ ಹಸಿರು ಬಣ್ಣದ ಕಿಟ್‌ನಲ್ಲೂ ಇದು ಸೇರಿದೆ. ಆದ್ದರಿಂದ ಎಲ್ಲೇ ಹೋಗಲಿ, ತೊಂದರೆ ಹೇಳುವ ಮೊದಲು ‘ನಾನು ಬಸುರಿ, ಇಷ್ಟನೇ ವಾರ’ ಎಂದು ಹೇಳಿಬಿಡಬೇಕು. ಮುಟ್ಟು ತಪ್ಪಿ ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ ಎಂದರೆ ಅದನ್ನೂ ಹೇಳಬೇಕು.

ಎರಡನೆಯದು ಬ್ಯಾಕ್ಟೀರಿಯಲ್ ವಜೈನೋಸಿಸ್. ಲ್ಯಾಕ್ಟೋಬ್ಯಾಸಿಲಸ್‌ಗಳು ಕಡಿಮೆಯಾಗಿ ಬೇರೆ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದ ಸ್ಥಿತಿ. ಸ್ರಾವ ತೆಳ್ಳಗೆ, ಬೂದು ಬಣ್ಣ, ಮೀನಿನ ನಾತ. ಸಂಭೋಗದ ನಂತರ ನಾತ ಇನ್ನೂ ಹೆಚ್ಚು. ತುರಿಕೆ ಇಲ್ಲದ ಕಾರಣ ಹಲವರು ಸುಮ್ಮನಿದ್ದುಬಿಡುತ್ತಾರೆ. ಹಾಗೆ ಇರಬಾರದು. ಅವಧಿಗೆ ಮುಂಚಿನ ಹೆರಿಗೆಗೂ ಇದಕ್ಕೂ ನಂಟಿದೆ, ಬಸಿರಿನಲ್ಲೂ ಕೊಡಬಹುದಾದ ಔಷಧವಿದೆ. ಮೂರನೆಯದು ಟ್ರೈಕೊಮೊನಾಸ್ ಎಂಬ ಪರಾವಲಂಬಿಯ ಸೋಂಕು. ಹಳದಿ-ಹಸಿರು ಬಣ್ಣ, ನೊರೆ, ಕೆಟ್ಟ ವಾಸನೆ. ಇದು ಸಂಭೋಗದಿಂದ ಹರಡುವಂಥದ್ದು, ಹಾಗಾಗಿ ಗಂಡನಿಗೂ ಚಿಕಿತ್ಸೆ ಆಗಲೇಬೇಕು. ಹೆಂಡತಿ ಮಾತ್ರ ಮಾತ್ರೆ ನುಂಗಿ, ಗಂಡ ‘ನನಗೇನೂ ಆಗಿಲ್ಲ’ ಎಂದು ಕುಳಿತರೆ ಸೋಂಕು ತಿರುಗಿ ಬರುತ್ತದೆ.

ಸೋಂಕೂ ಅಲ್ಲದ, ಸಹಜ ಸ್ರಾವವೂ ಅಲ್ಲದ ಇನ್ನೊಂದು ಬಿಳಿ ಇದೆ. ಹಿಂದೆ ಗರ್ಭಪಾತವಾದವರಿಗೆ, ಪ್ರನಾಳ ಶಿಶು ಚಿಕಿತ್ಸೆ ಪಡೆದವರಿಗೆ ಯೋನಿಯೊಳಗೆ ಇಟ್ಟುಕೊಳ್ಳಲು ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಬರೆದುಕೊಡುವುದುಂಟು. ರಾತ್ರಿ ಇಟ್ಟದ್ದರ ಎಣ್ಣೆ, ಮೇಣ, ಪುಡಿಯ ಉಳಿಕೆ ಬೆಳಿಗ್ಗೆ ಎದ್ದು ನಿಂತಾಗ ಬಿಳಿಯಾಗಿ ಜಾರಿ ಬರುತ್ತದೆ. ‘ಔಷಧವೆಲ್ಲ ಹೊರಗೆ ಹೋಯಿತು’ ಎಂದು ಇನ್ನೊಂದು ಇಟ್ಟುಕೊಳ್ಳುವ ಅಗತ್ಯವಿಲ್ಲ. ದೇಹಕ್ಕೆ ಬೇಕಾದದ್ದು ಅಷ್ಟರಲ್ಲಿ ಹೀರಿಕೆಯಾಗಿರುತ್ತದೆ.

ಗುಲಾಬಿ, ಕಂದು, ಕೆಂಪು ಕಂಡರೆ ಅದು ಬಿಳಿಸೆರಗಿನ ವ್ಯಾಪ್ತಿಗೆ ಬರುವುದಿಲ್ಲ, ಅದು ರಕ್ತ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವ ಹೊತ್ತಿನಲ್ಲಿ, ಅಂದರೆ ಮುಟ್ಟಿನ ದಿನಕ್ಕೆ ಹತ್ತಿರದಲ್ಲಿ, ಒಂದೆರಡು ದಿನ ನಸುಗುಲಾಬಿ ಅಥವಾ ಕಂದು ಹನಿ ಕಾಣಿಸಬಹುದು. ಗರ್ಭಕಂಠದಲ್ಲಿ ರಕ್ತ ತುಂಬಿರುವುದರಿಂದ ಸಂಭೋಗದ ನಂತರವೂ ಹನಿ ಕಾಣಬಹುದು. ಮೊದಲ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಒಂದಿಷ್ಟು ರಕ್ತ ಕಾಣಿಸಿಕೊಳ್ಳುತ್ತದೆ, ಅವರಲ್ಲಿ ಅನೇಕರ ಬಸಿರು ಸುಸೂತ್ರವಾಗಿ ಮುಂದುವರಿಯುತ್ತದೆ. ಆದರೂ ಯಾವುದು ನಿರುಪದ್ರವಿ ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಲು ಆಗುವುದಿಲ್ಲ, ಸ್ಕ್ಯಾನಿಂಗ್ ಬೇಕು. ರಕ್ತದ ಜೊತೆಗೆ ಕಿಬ್ಬೊಟ್ಟೆಯ ಒಂದೇ ಮಗ್ಗುಲಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಇದ್ದರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಬೆಳೆಯುತ್ತಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು. ರಕ್ತದ ಗುಂಪು ನೆಗೆಟಿವ್ ಇರುವವರು ರಕ್ತ ಕಂಡಾಗ ಅದನ್ನು ತಾವೇ ನೆನಪಿಸಬೇಕು, ತಾಯಿಯ ಮೈ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು. ಜ್ವರ, ದುರ್ವಾಸನೆಯ ಸ್ರಾವ, ಹೊಟ್ಟೆನೋವು ಒಟ್ಟಿಗೆ ಬಂದರೂ ತಡಮಾಡುವಂತಿಲ್ಲ.

ಬಿಳಿ ಹೋದರೆ ಮೈಯ ಸತ್ವವೇ ಹೋಗುತ್ತದೆ, ಮೂಳೆ ಸವೆಯುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಮೂಳೆಗೂ ಈ ಸ್ರಾವಕ್ಕೂ ಯಾವ ಸಂಬಂಧವೂ ಇಲ್ಲ. ಬಸಿರಿನ ಸೊಂಟನೋವಿಗೆ, ಸುಸ್ತಿಗೆ ರಕ್ತಹೀನತೆಯಂಥ ಬೇರೆ ಕಾರಣಗಳಿರುತ್ತವೆ. ‘ಬಿಳಿ ಹೋಗುವುದರಿಂದ ಹೀಗೆ’ ಎಂದುಕೊಂಡರೆ ಹಿಮೋಗ್ಲೋಬಿನ್ ನೋಡಿಸುವುದು ತಪ್ಪಿಹೋಗುತ್ತದೆ. ‘ಉಷ್ಣವಾಗಿದೆ’ ಎಂದು ಎಳನೀರು, ಬಾರ್ಲಿ ನೀರು ಕೊಡುವುದರಲ್ಲಿ ನನಗೆ ಆಕ್ಷೇಪವಿಲ್ಲ. ಸ್ರಾವ ನಿಲ್ಲುವುದಿಲ್ಲ, ಬಾಯಾರಿಕೆಯಂತೂ ತೀರುತ್ತದೆ.

ಆಕ್ಷೇಪ ಇರುವುದು ತೊಳೆಯುವುದಕ್ಕೆ. ಪಟಿಕದ (ಆಲಂ) ನೀರು, ನಂಜುನಿರೋಧಕ ದ್ರವ ಬೆರೆಸಿದ ನೀರು, ಸುಗಂಧದ ‘ಇಂಟಿಮೇಟ್ ವಾಶ್’, ಇವುಗಳಲ್ಲಿ ಯಾವುದನ್ನೂ ಒಳಗೆ ಹಾಯಿಸಬಾರದು. ರೋಗಾಣುವಿನ ಜೊತೆಗೆ ಕಾವಲಿಗಿದ್ದ ಲ್ಯಾಕ್ಟೋಬ್ಯಾಸಿಲಸ್‌ಗಳೂ ಸಾಯುತ್ತವೆ. ಹೀಗೆ ಒಳಗೆ ತೊಳೆದುಕೊಳ್ಳುವವರಲ್ಲಿ ಮೀನಿನ ನಾತದ ಆ ವಜೈನೋಸಿಸ್ ಹೆಚ್ಚಾಗಿ ಕಾಣುತ್ತದೆ. ನಾತ ಬಂತೆಂದು ಮತ್ತಷ್ಟು ತೊಳೆಯುತ್ತಾರೆ. ಹೊರಭಾಗವನ್ನು ಬರಿಯ ನೀರಿನಿಂದ ತೊಳೆದು, ಮುಂದಿನಿಂದ ಹಿಂದಕ್ಕೆ ಒರೆಸಿಕೊಂಡರೆ ಸಾಕು.

ಬಟ್ಟೆಯದು ಇನ್ನೊಂದು ಕಥೆ. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಆಷಾಢದ ಮಳೆಗೆ ಏನೂ ಒಣಗುವುದಿಲ್ಲ. ಅದರಲ್ಲೂ ಹೆಂಗಸರ ಒಳಉಡುಪು ಯಾರ ಕಣ್ಣಿಗೂ ಬೀಳಬಾರದೆಂದು ಲಂಗದ ಅಡಿಯಲ್ಲೋ ಟವೆಲಿನ ಕೆಳಗೋ ಮುದುಡಿಕೊಂಡಿರುತ್ತದೆ. ಹಸಿಹಸಿಯಾಗಿಯೇ ತೊಟ್ಟರೆ ಶಿಲೀಂಧ್ರಕ್ಕೆ ಅನುಕೂಲ. ಬಿಸಿಲಿದ್ದರೆ ಬಿಸಿಲಿಗೆ, ಇಲ್ಲದಿದ್ದರೆ ಇಸ್ತ್ರಿಪೆಟ್ಟಿಗೆಯಿಂದಾದರೂ ಪೂರ್ತಿ ಒಣಗಿಸಿ, ಹತ್ತಿಯದನ್ನೇ ಹಾಕಿಕೊಳ್ಳಬೇಕು. ತೀರಾ ತೇವ ಎನಿಸಿದರೆ ತೆಳುವಾದ ಪ್ಯಾಡ್ ಇಟ್ಟುಕೊಂಡು ಆಗಾಗ ಬದಲಿಸಬಹುದು. ಟ್ಯಾಂಪನ್ ಬೇಡ.

ಮೊದಲ ಹನ್ನೆರಡು ವಾರದೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಲು ಹೋಗುವ ದಿನವೇ ಇದನ್ನೂ ಕೇಳಬಹುದು. ವೈದ್ಯರ ಮುಂದೆ ‘ಬಿಳಿ ಹೋಗುತ್ತಿದೆ’ ಎಂದಷ್ಟೇ ಹೇಳಿದರೆ ಅವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಬಣ್ಣ ಯಾವುದು, ನಾತ ಇದೆಯೇ, ತುರಿಕೆಯೋ ಉರಿಯೋ, ಯಾವಾಗಿನಿಂದ, ಏನಾದರೂ ಒಳಗೆ ಇಟ್ಟುಕೊಂಡದ್ದೋ ತೊಳೆದುಕೊಂಡದ್ದೋ ಉಂಟೇ, ಇಷ್ಟನ್ನು ಹೇಳಬೇಕು. ಅತ್ತೆಯೋ ಗಂಡನೋ ಪಕ್ಕದಲ್ಲಿದ್ದು ಬಾಯಿ ಬರದಿದ್ದರೆ, ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವಂತೆ ನರ್ಸ್‌ಗೆ ಹೇಳುವುದರಲ್ಲಿ ತಪ್ಪೇನೂ ಇಲ್ಲ.