ಕಟ್‌ಆಫ್ ನೋಡಿ ಆಪ್ಷನ್ ಕ್ರಮ ಬರೆಯುವವರಿಗೆ

ಸಿಇಟಿ ರ‍್ಯಾಂಕ್ ಪ್ರಕಟವಾದ ಮೇಲೆ ತುಮಕೂರಿನಲ್ಲಿ ನನ್ನ ಬಳಿ ಸಲಹೆಗೆ ಬರುವ ಪೋಷಕರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಕಂಪ್ಯೂಟರ್ ಸೈನ್ಸ್ ಸೀಟು. ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದು ಅವರು ತರುವ ಆಪ್ಷನ್ ಪಟ್ಟಿಗಳಲ್ಲಿ ವರ್ಷವರ್ಷವೂ ಒಂದೇ ಎಡವಟ್ಟು: ಖಂಡಿತ ಸಿಗುತ್ತದೆ ಎನಿಸಿದ ಕಾಲೇಜು ಮೇಲೆ, ಮಕ್ಕಳಿಗೆ ನಿಜವಾಗಿ ಬೇಕಾದ ಕಾಲೇಜು ಕೆಳಗೆ.

ಪಾವಗಡದ ಕಡೆಯ ಕಡಲೆಕಾಯಿ ಬೆಳೆಗಾರರೊಬ್ಬರು ಮಗಳೊಂದಿಗೆ ಬಂದಿದ್ದರು. ಮಗಳಿಗೆ 1917ರಷ್ಟು ಹಳೆಯದಾದ ಬೆಂಗಳೂರಿನ ಯುವಿಸಿಇ (ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು) ಮೇಲೆ ಆಸೆ. ತಂದೆ ಮಾತ್ರ ಇಲ್ಲಿನ ಸಿದ್ಧಗಂಗಾ ಕಾಲೇಜನ್ನು (ಎಸ್‌ಐಟಿ) ಮೊದಲಿಗೆ ಬರೆಸಿದ್ದರು. "ಸಾರ್, ಎಸ್‌ಐಟಿಯನ್ನು ಐದನೆಯದಾಗಿ ಹಾಕಿದರೆ, ಅದನ್ನೇ ಮೊದಲನೆಯದಾಗಿ ಹಾಕಿದವರು ನಮಗಿಂತ ಮುಂಚೆ ಸೀಟು ಹೊಡೆದುಕೊಂಡು ಹೋಗುವುದಿಲ್ಲವೇ?" ಎಂಬುದು ಅವರ ಆತಂಕ.

ಹೋಗುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯಲ್ಲಿ ಸರದಿಯನ್ನು ನಿರ್ಧರಿಸುವುದು ರ‍್ಯಾಂಕ್, ಆಪ್ಷನ್ ಸಂಖ್ಯೆಯಲ್ಲ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಮ್ಮ ಸರದಿ ಬಂದಾಗ ಮೊದಲು ಕೇಳಿದ ಪದಾರ್ಥ ಮುಗಿದಿದೆ ಎಂದು ಯಾರೂ ನಿಮ್ಮನ್ನು ಸಾಲಿನ ಕೊನೆಗೆ ಕಳಿಸುವುದಿಲ್ಲ, ಅಲ್ಲೇ ನಿಂತು ಮುಂದಿನದನ್ನು ಕೇಳುತ್ತೀರಿ. ಉದಾಹರಣೆಗೆ, ನಿಮ್ಮ ಮಗಳ ರ‍್ಯಾಂಕ್ 15,000 ಆಗಿದ್ದು ಅವಳ ಮೊದಲ ನಾಲ್ಕು ಆಪ್ಷನ್‌ಗಳು ಸಿಗದೆ ಹೋದರೆ, ಐದನೆಯ ಕಾಲೇಜಿನಲ್ಲಿ ಉಳಿದ ಒಂದೇ ಸೀಟು ಅವಳದಾಗುತ್ತದೆ. ಅದೇ ಕಾಲೇಜನ್ನು ಮೊದಲನೆಯದಾಗಿ ಬರೆದ 15,001ನೇ ರ‍್ಯಾಂಕಿನ ಹುಡುಗನಿಗಲ್ಲ. ಪ್ರವರ್ಗ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸೀಟುಗಳಲ್ಲಿಯೂ ಆಯಾ ಅರ್ಹತೆ ಇರುವವರ ನಡುವೆ ಇದೇ ಲೆಕ್ಕ.

ನಷ್ಟವಿರುವುದು ಇನ್ನೊಂದು ದಿಕ್ಕಿನಲ್ಲಿ. ಸುಲಭವಾಗಿ ಸಿಗುವ ಕಾಲೇಜನ್ನು ಮೇಲೆ ಬರೆದರೆ ಅದೇ ಸಿಗುತ್ತದೆ, ಅದರ ಕೆಳಗಿನ ಆಪ್ಷನ್‌ಗಳೆಲ್ಲ ರದ್ದಾಗುತ್ತವೆ. ಮುಂದಿನ ಸುತ್ತಿನಲ್ಲಿಯೂ ಪರಿಗಣಿಸುವುದು ಸಿಕ್ಕಿದ ಸೀಟಿಗಿಂತ ಮೇಲಿರುವವುಗಳನ್ನು ಮಾತ್ರ. ಇದಿಷ್ಟನ್ನು ವಿವರಿಸಿದ ಮೇಲೆ ಆ ತಂದೆ, "ಆಪ್ಷನ್ ಒಂದಕ್ಕೆ ಎಷ್ಟು ಫೀಸು ಸಾರ್?" ಎಂದು ಕೇಳಿದರು. ಏನೂ ಇಲ್ಲ ಎಂದಾಗ, ಸೈಬರ್ ಸೆಂಟರಿನವನು ಹತ್ತು ಆಪ್ಷನ್ ಬರೆದರೆ ಸಾಕು ಎಂದದ್ದೇಕೆ ಎಂಬುದು ಅವರ ಮುಂದಿನ ಪ್ರಶ್ನೆಯಾಯಿತು. ಅದಕ್ಕೆ ನನ್ನಲ್ಲಿ ಸಭ್ಯ ಉತ್ತರವಿರಲಿಲ್ಲ.

ಹಾಗಾದರೆ ಹಿಂದಿನ ವರ್ಷದ ಕಟ್‌ಆಫ್ ಏಕೆ ಬೇಕು? ಪಟ್ಟಿ ಎಲ್ಲಿಯವರೆಗೆ ಇಳಿಯಬೇಕು ಎಂದು ತಿಳಿಯಲು ಬೇಕು, ಕ್ರಮ ನಿಶ್ಚಯಿಸಲು ಬೇಡ. ಅದು ಆ ಸುತ್ತಿನಲ್ಲಿ, ಆ ಪ್ರವರ್ಗದಲ್ಲಿ ಕೊನೆಯ ಸೀಟು ಪಡೆದವರ ರ‍್ಯಾಂಕ್ ಅಷ್ಟೇ. ಸೀಟುಗಳ ಸಂಖ್ಯೆ ಬದಲಾದರೆ ಅದೂ ಬದಲಾಗುತ್ತದೆ. ಆದ್ದರಿಂದ ನಿಮ್ಮ ರ‍್ಯಾಂಕಿಗೆ ಸ್ವಲ್ಪ ಎಟುಕದಂತೆ ಕಾಣುವ ಕಾಲೇಜುಗಳನ್ನು ಧೈರ್ಯವಾಗಿ ಮೇಲೆ ಬರೆಯಿರಿ. ಕೆಳಗೆ, ಕಟ್‌ಆಫ್ ಸಂಖ್ಯೆ ನಿಮ್ಮ ರ‍್ಯಾಂಕಿಗಿಂತ ಸಾಕಷ್ಟು ದೊಡ್ಡದಿರುವ ಕೆಲವನ್ನು ಸೇರಿಸಿ. ಗುಬ್ಬಿ, ತಿಪಟೂರು, ಚಿಕ್ಕಬಳ್ಳಾಪುರದ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ಬೇಕೋ, ಹೆಸರಾದ ಕಾಲೇಜಿನ ಇನ್ಫರ್ಮೇಷನ್ ಸೈನ್ಸ್ ಬೇಕೋ ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಿ. ಸಿಕ್ಕರೂ ಸೇರಲಾರದ ಕಾಲೇಜನ್ನು ಮಾತ್ರ ಬರೆಯಬೇಡಿ.

ನಿಜವಾದ ಹಂಚಿಕೆಗೆ ಮುನ್ನ ಅಂದಾಜಿಗಾಗಿ ನಡೆಸುವ ಅಣಕು ಹಂಚಿಕೆಯ (ಮಾಕ್ ಅಲಾಟ್‌ಮೆಂಟ್) ಫಲಿತಾಂಶ ಬಂದಾಗ ಇದೇ ಭಯ ಮರಳಿ ಬರುತ್ತದೆ. ಮೇಲಿನವು ಸಿಗಲಿಲ್ಲವೆಂದು ಅವುಗಳನ್ನು ಅಳಿಸುತ್ತಾರೆ. ಅಳಿಸಬೇಡಿ. ಮುಂದಿನ ಸುತ್ತುಗಳಲ್ಲಿ ಬೇರೆಯವರು ಬಿಟ್ಟುಹೋಗುವ ಸೀಟುಗಳು ಸಿಗುವುದು ಆ ಆಪ್ಷನ್‌ಗಳು ಪಟ್ಟಿಯಲ್ಲಿ ಉಳಿದಿದ್ದರೆ ಮಾತ್ರ. ಸೀಟು ಸಿಕ್ಕ ಮೇಲೆ ಆರಿಸಬೇಕಾದ ಛಾಯ್ಸ್‌ಗಳ (ಸೇರುವುದೋ, ಮುಂದಿನ ಸುತ್ತಿಗೆ ಕಾಯುವುದೋ ಎಂಬ ಆಯ್ಕೆಗಳ) ಹಾಗೂ ಶುಲ್ಕದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ, ಅವುಗಳನ್ನು ಆ ವರ್ಷದ ಪ್ರಕಟಣೆಯಲ್ಲಿಯೇ ಓದಿಕೊಳ್ಳಿ.