ಚಾವಣಿಗೆ ಫೋಮ್ ಅಂಟಿಸಿದರೆ ಮೇಲಿನ ಮನೆ ಸುಮ್ಮನಾಗದು

ಮೇಲಿನ ಮನೆಯ ಸದ್ದಿಗೆ ನಿದ್ದೆಯಿಲ್ಲ ಎಂದು ಸದ್ದು ತಡೆಯುವ ಕೆಲಸದವರಾದ ನಮ್ಮನ್ನು ಕರೆಸುವವರು, ನಾವು ಹೋಗುವಷ್ಟರಲ್ಲಿ ಚಾವಣಿ ತುಂಬ ಕಪ್ಪು ಫೋಮ್ ಅಂಟಿಸಿ ಮುಗಿಸಿರುತ್ತಾರೆ. ಸ್ಟುಡಿಯೋದಲ್ಲಿ ಕಂಡದ್ದು ಮಲಗುವ ಕೋಣೆಗೂ ಆದೀತು ಎಂಬ ಲೆಕ್ಕ. ಆಗುವುದಿಲ್ಲ.

ಫೋಮ್‌ಗೆ ಗೊತ್ತಿರುವ ಕೆಲಸ ಒಂದೇ: ಅದೇ ಕೋಣೆಯೊಳಗಿನ ಸದ್ದು ಗೋಡೆಗೆ ಬಡಿದು ಮರಳದಂತೆ ಹೀರುವುದು. ಹೊರಗಿನ ಸದ್ದು ಒಳಬರದಂತೆ ತಡೆಯಲು ಬೇಕಾದದ್ದು ತೂಕ. ನಡುವಿನ ಗೋಡೆಯ ಅಥವಾ ಸ್ಲ್ಯಾಬಿನ ತೂಕ ಇಮ್ಮಡಿಯಾದರೆ ಸುಮಾರು 5-6 ಡೆಸಿಬೆಲ್ ಲಾಭ. 15 ಸೆಂ.ಮೀ. ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 360 ಕಿಲೋ ತೂಗುತ್ತದೆ, 5 ಸೆಂ.ಮೀ. ಫೋಮ್, ಒಂದೂವರೆ ಕಿಲೋ. ಆನೆಯ ಬೆನ್ನಿಗೆ ಹತ್ತಿ ಅಂಟಿಸಿದ ಹಾಗೆ. ಸಾಲದ್ದಕ್ಕೆ ಅಗ್ಗದ ಫೋಮ್ ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ.

ಇನ್ನೊಂದು ಮಾತು. ಹೆಜ್ಜೆಯ ಸದ್ದು ಗಾಳಿಯಲ್ಲಿ ತೂರಿ ಬರುವುದೇ ಅಲ್ಲ. ಹಿಮ್ಮಡಿ ನೆಲಕ್ಕೆ ಬಿದ್ದಾಗ ಸ್ಲ್ಯಾಬ್ ಚರ್ಮವಾದ್ಯದಂತೆ ಕಂಪಿಸುತ್ತದೆ, ಜೊತೆಗೆ ಅದಕ್ಕಂಟಿದ ಗೋಡೆಗಳೂ. ಅಂದರೆ ಸದ್ದು ಮಾಡುತ್ತಿರುವುದು ನಿಮ್ಮದೇ ಕೋಣೆಯ ಚಾವಣಿ. ಅದಕ್ಕೇ ಇದರ ಮದ್ದು ಕೆಳಗಿಲ್ಲ, ಮೇಲಿದೆ. ಕೆಳಗೇ ಏನಾದರೂ ಮಾಡುವುದಾದರೆ, ಸ್ಪ್ರಿಂಗ್ ಅಥವಾ ರಬ್ಬರ್ ಹ್ಯಾಂಗರ್‌ನಿಂದ ತೂಗಿಬಿಟ್ಟ, ಎರಡು ಪದರ ಜಿಪ್ಸಮ್ ಬೋರ್ಡಿನ, ನಡುವೆ ಖನಿಜ ಉಣ್ಣೆ (ರಾಕ್‌ವೂಲ್‌ನಂಥ ನಾರಿನ ಹಾಸು) ತುಂಬಿದ ಫಾಲ್ಸ್ ಸೀಲಿಂಗ್ ಒಂದಿಷ್ಟು ನೆರವಾದೀತು. ಆದರೆ ಗೋಡೆಯಿಂದ ಇಳಿಯುವ ಕಂಪನವನ್ನು ಅದು ಮುಟ್ಟುವುದಿಲ್ಲ, ಒಂದೇ ಒಂದು ಸ್ಕ್ರೂ ಬಿಗಿಯಾಗಿ ಸ್ಲ್ಯಾಬಿಗೆ ತಾಗಿದರೂ ಫಲ ಕುಗ್ಗುತ್ತದೆ. ಕಟ್ಟಡ ನೋಡದೆ ಇಷ್ಟು ಡೆಸಿಬೆಲ್ ಇಳಿಯುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಮೊದಲು ಸದ್ದು ಯಾವುದೆಂದು ತಿಳಿಯಿರಿ. ಮಾತು, ಟಿ.ವಿ. ಸ್ಪಷ್ಟವಾಗಿ ಕೇಳುತ್ತಿದ್ದರೆ ಹೆಚ್ಚಾಗಿ ಎಲ್ಲೋ ಸಂದಿಯಿರುತ್ತದೆ: ಬಾಗಿಲ ಅಡಿ, ಪೈಪು ಹಾಯುವ ರಂಧ್ರ, ಒಂದೇ ಗೋಡೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಸ್ವಿಚ್ ಬಾಕ್ಸ್. ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ, ಮುಚ್ಚಿದರೆ ಎಷ್ಟೋ ತಗ್ಗುತ್ತದೆ. ಧಡ್ ಧಡ್, ಕರ್ರ್ ಎಂದರೆ ಬಡಿತದ ಸದ್ದು. ಮೊಬೈಲ್ ಆ್ಯಪ್ ಬರೀ 32 ಡೆಸಿಬೆಲ್ ತೋರಿಸಿತೆಂದು ನಿಮ್ಮ ಕಿವಿಯನ್ನು ಶಂಕಿಸಬೇಡಿ. ಆ ಆ್ಯಪ್‌ಗಳು ಸಾಮಾನ್ಯವಾಗಿ ಬಳಸುವ, ಕಿವಿಯ ಗ್ರಹಿಕೆಗೆ ಹೊಂದಿಸಿದ ‘ಎ’ ಅಳತೆ 50 ಹರ್ಟ್ಸ್‌ನಂಥ ತಗ್ಗು ಸ್ವರದ ಸದ್ದಿನಲ್ಲಿ ಸುಮಾರು 30 ಡೆಸಿಬೆಲ್ ಕಳೆದೇ ಲೆಕ್ಕ ಕೊಡುತ್ತದೆ. ಗುಡುಗುಡು ಸದ್ದು ಅದರಲ್ಲಿ ಬಹುಪಾಲು ಮಾಯ.

ಮೇಲಿನ ಮನೆಯಲ್ಲಿ ಮಾಡಬೇಕಾದದ್ದು ಬಹಳವೇನಿಲ್ಲ. ಕುರ್ಚಿ, ಮೇಜಿನ ಕಾಲಿಗೆ 5 ಮಿ.ಮೀ. ಫೆಲ್ಟ್, ಅಂಟಿನದು ತಿಂಗಳೊಪ್ಪತ್ತಿನಲ್ಲಿ ಜಾರಿಬಿಡುವುದುಂಟು, ಮರದ ಕಾಲಾದರೆ ಮೊಳೆಯದು ಲೇಸು. ಓಡಾಡುವ ದಾರಿಗೆ ಕಾರ್ಪೆಟ್, ಅದರಡಿ 8-10 ಮಿ.ಮೀ. ದಟ್ಟ ರಬ್ಬರ್ ಹಾಸು. ಇದು ಟಕ್ ಟಕ್ ಅನ್ನು ಚೆನ್ನಾಗಿ ನುಂಗುತ್ತದೆ, ಹಿಮ್ಮಡಿಯ ಧಡ್ ಅನ್ನು ಅಷ್ಟಾಗಿ ಅಲ್ಲ. ಅದಕ್ಕೆ ಮೆತ್ತನೆಯ ಚಪ್ಪಲಿಯೇ ಗತಿ. ವಾಷಿಂಗ್ ಮೆಷಿನ್ ಕುಣಿಯುತ್ತಿದ್ದರೆ ರಬ್ಬರ್ ಪ್ಯಾಡ್ ತರುವ ಮುಂಚೆ ಹಿಂಬದಿ ನೋಡಿ: ಸಾಗಣೆಗೆಂದು ಹಾಕಿದ ಬೋಲ್ಟ್‌ಗಳನ್ನು ಬಿಚ್ಚದೆಯೇ ಓಡಿಸುವವರಿದ್ದಾರೆ. ಆಮೇಲೆ ನಾಲ್ಕೂ ಕಾಲು ಮಟ್ಟಮಾಡಿ. ಸ್ಪೀಕರ್ ನೆಲದಿಂದ ಎತ್ತಿ, ಬಾಸ್ ಇಳಿಸಿ.

ಇದೆಲ್ಲ ಮೇಲಿನ ಮನೆಯವರ ಕೈಯಲ್ಲಿರುವುದರಿಂದ ಕೋಲಿನಿಂದ ಚಾವಣಿ ಕುಟ್ಟಿ ಜಗಳ ತೆಗೆಯಬೇಡಿ. ಹತ್ತು ದಿನ ಬರೆದಿಡಿ: ಗಂಟೆ, ಸದ್ದಿನ ಬಗೆ, ಎಷ್ಟು ಹೊತ್ತು. ಹಗಲು ಹೊತ್ತಿನಲ್ಲಿ ಹೋಗಿ. “ನಿಮ್ಮ ಮನೆಯಲ್ಲಿ ಯಾವಾಗಲೂ ಗಲಾಟೆ” ಅಂದರೆ ಬಾಗಿಲು ಮುಚ್ಚುತ್ತದೆ, “ರಾತ್ರಿ 11ರ ಮೇಲೆ ಊಟದ ಮೇಜಿನ ಕುರ್ಚಿ ಎಳೆಯುವುದು ಕೇಳಿಸುತ್ತೆ, ಒಂದು ನಿಮಿಷ ಕೆಳಗೆ ಬಂದು ಕೇಳ್ತೀರಾ?” ಅನ್ನಿ. ಅವರು ನಿಮ್ಮ ಮಂಚದ ಬಳಿ ನಿಲ್ಲಲಿ, ಅವರ ಮನೆಯವರೊಬ್ಬರು ಮೇಲೆ ನಡೆಯಲಿ, ಕುರ್ಚಿ ಎಳೆಯಲಿ. ತಮ್ಮ ಹೆಜ್ಜೆ ಕೆಳಗೆ ಹೇಗೆ ಕೇಳುತ್ತದೆಂದು ಹೆಚ್ಚಿನವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಹೋಗುವಾಗ ಫೆಲ್ಟ್ ಪ್ಯಾಕೆಟ್ ಒಯ್ಯಿರಿ, ಕುರ್ಚಿಗೆ ನಾಲ್ಕರಂತೆ ಎಣಿಸಿ.