ಸೋತ ರಾತ್ರಿಯ ನಿರಾಳ: ಪೆರ್ ಮೆರ್ಟೆಸಾಕರ್ ತಡವಾಗಿ ಹೇಳಿದ ಮಾತು

2018ರ ಮಾರ್ಚ್‌ನಲ್ಲಿ ಜರ್ಮನಿಯ ಫುಟ್‌ಬಾಲ್ ಆಟಗಾರ ಪೆರ್ ಮೆರ್ಟೆಸಾಕರ್ ತಮ್ಮ ದೇಶದ ‘ಡೆರ್ ಶ್ಪೀಗೆಲ್’ ವಾರಪತ್ರಿಕೆಯ ಜೊತೆ ಮನಬಿಚ್ಚಿ ಮಾತಾಡಿದರು. ಆಗ ಅವರಿಗೆ 33 ವರ್ಷ. ವಿಶ್ವಕಪ್ ಗೆದ್ದಾಗಿತ್ತು, ದೇಶದ ಪರ 104 ಪಂದ್ಯ ಆಡಿಯಾಗಿತ್ತು. ಲಂಡನ್‌ನ ಆರ್ಸೆನಲ್ ಕ್ಲಬ್ ತಂಡದ ನಾಯಕರಾಗಿದ್ದರು, ಆ ಸೀಸನ್ ಮುಗಿದ ಮೇಲೆ ನಿವೃತ್ತಿ ಎಂದೂ ತೀರ್ಮಾನವಾಗಿತ್ತು. ಇಂಥ ಆಟಗಾರ ಹೇಳಿದ್ದೇನು? ಪಂದ್ಯದ ದಿನ ಬೆಳಿಗ್ಗೆ ಎದ್ದರೆ ಹೊಟ್ಟೆ ಕೆಟ್ಟಿರುತ್ತಿತ್ತು. ಆಟ ಶುರುವಾಗುವ ಹೊತ್ತಿಗೆ ಓಕರಿಕೆ ಬಂದು ಕಣ್ಣಲ್ಲಿ ನೀರು ತುಂಬುತ್ತಿತ್ತು. ಯಾರಿಗೂ ಕಾಣದಿರಲಿ ಅಂತ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದರು. ಅಷ್ಟೊತ್ತಿಗೆ ಹೊಟ್ಟೆ ಖಾಲಿ ಇರಬೇಕೆಂದು ಊಟವನ್ನು ಗಂಟೆಗಳ ಮೊದಲೇ ಮುಗಿಸುತ್ತಿದ್ದರು.

ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ಇನ್ನೊಂದು ಮಾತು. 2006ರ ವಿಶ್ವಕಪ್ ಜರ್ಮನಿಯಲ್ಲೇ ನಡೆದಿತ್ತು. ಜುಲೈ 4ರಂದು ಡಾರ್ಟ್‌ಮುಂಡ್‌ನಲ್ಲಿ ಸೆಮಿಫೈನಲ್, ಎದುರಾಳಿ ಇಟಲಿ. ಎಕ್ಸ್‌ಟ್ರಾ ಟೈಮ್ ಮುಗಿಯಲು ಒಂದೆರಡು ನಿಮಿಷ ಇರುವಾಗ ಇಟಲಿಯ ಗ್ರೋಸೊ ಗೋಲು ಹೊಡೆದರು. ಹಿಂದೆಯೇ ಡೆಲ್ ಪಿಯೆರೊ. 2–0. ಇಡೀ ದೇಶ ಅತ್ತಿತು. ಜರ್ಮನಿಯ ಸೆಂಟರ್ ಬ್ಯಾಕ್, ಅಂದರೆ ರಕ್ಷಣಾ ಸಾಲಿನ ನಡುವೆ ನಿಲ್ಲುವ ಆಟಗಾರ, ಆಗಿದ್ದ 21ರ ಈ ಹುಡುಗನಿಗೂ ಬೇಸರವಾಗಿತ್ತು. ಆದರೆ ಅದಕ್ಕಿಂತ ಜಾಸ್ತಿ ಅನಿಸಿದ್ದು ನಿರಾಳ: ಸದ್ಯ, ಮುಗೀತಲ್ಲ. ಆ ರಾತ್ರಿ ಅದನ್ನು ಬಾಯಿಬಿಟ್ಟು ಹೇಳಿದ್ದರೆ ಗತಿ ಏನಾಗುತ್ತಿತ್ತು, ಊಹಿಸಿ!

ಮೆರ್ಟೆಸಾಕರ್ ಹ್ಯಾನೋವರ್ ಪಕ್ಕದ ಪಾಟೆನ್‌ಸೆನ್‌ನಲ್ಲಿ ಬೆಳೆದವರು. ಎತ್ತರ 1.98 ಮೀಟರ್. ಹದಿಹರೆಯದಲ್ಲಿ ಇದ್ದಕ್ಕಿದ್ದಂತೆ ಎತ್ತರ ಬೆಳೆದು, ಮಂಡಿ ನೋವಿನಿಂದ ತಿಂಗಳುಗಟ್ಟಲೆ ಆಟ ಬಿಟ್ಟಿದ್ದೂ ಉಂಟು. ಓಟದಲ್ಲಿ ಯಾವತ್ತೂ ನಿಧಾನ. ಅದಕ್ಕೇ ಚೆಂಡು ಎಲ್ಲಿಗೆ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಅಲ್ಲಿ ನಿಲ್ಲುವುದನ್ನು ರೂಢಿಸಿಕೊಂಡರು. ಇಂಥ ಡಿಫೆಂಡರ್ ತೊಂಬತ್ತು ನಿಮಿಷವೂ ‘ಏನು ಎಡವಟ್ಟಾಗಬಹುದು’ ಅಂತಲೇ ಯೋಚಿಸುತ್ತಿರಬೇಕು. ಆ ಓಕರಿಕೆಗೂ ಇದಕ್ಕೂ ನಂಟಿರಬಹುದು ಎಂಬುದು ನನ್ನ ಊಹೆ ಅಷ್ಟೆ.

2003ರ ನವೆಂಬರ್‌ನಲ್ಲಿ ಹ್ಯಾನೋವರ್ 96 ಕ್ಲಬ್ ಪರ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲಿಗಾಗೆ ಬಂದರು. ಮರುವರ್ಷವೇ ಟೆಹ್ರಾನ್‌ನಲ್ಲಿ ಇರಾನ್ ವಿರುದ್ಧ ರಾಷ್ಟ್ರೀಯ ತಂಡಕ್ಕೆ. ಆಗ ಜರ್ಮನಿಯಲ್ಲಿ ಸೈನಿಕ ಸೇವೆ ಕಡ್ಡಾಯ. ಬೇಡವೆಂದವರು ಅದರ ಬದಲು ನಾಗರಿಕ ಸೇವೆ ಮಾಡಬೇಕಿತ್ತು. ಮೆರ್ಟೆಸಾಕರ್ ಅದನ್ನು ಮಾಡಿದ್ದು ಒಂದು ಮನೋರೋಗ ಆಸ್ಪತ್ರೆಯಲ್ಲಿ.

ಮನಸ್ಸಿನ ಭಾರದ ಬಗ್ಗೆ ಜರ್ಮನ್ ಫುಟ್‌ಬಾಲ್ ಮಾತಾಡಲು ಕಲಿತಿದ್ದು ಪೆಟ್ಟು ತಿಂದೇ. 2007ರ ಜನವರಿಯಲ್ಲಿ ಬಯರ್ನ್ ಮ್ಯೂನಿಕ್ ಕ್ಲಬ್‌ನ ಸೆಬಾಸ್ಟಿಯನ್ ಡೈಸ್ಲರ್ ಬರೀ 27ಕ್ಕೆ ಆಟ ಬಿಟ್ಟರು. ಗಾಯಗಳ ಜೊತೆ ಖಿನ್ನತೆಯೂ ಅವರನ್ನು ಕಾಡಿತ್ತು. 2009ರ ನವೆಂಬರ್ 10ರಂದು ಗೋಲ್‌ಕೀಪರ್ ರಾಬರ್ಟ್ ಎಂಕೆ ಆತ್ಮಹತ್ಯೆ ಮಾಡಿಕೊಂಡರು. ಹ್ಯಾನೋವರ್‌ನಲ್ಲೂ ರಾಷ್ಟ್ರೀಯ ತಂಡದಲ್ಲೂ ಮೆರ್ಟೆಸಾಕರ್ ಎಂಕೆ ಜೊತೆ ಆಡಿದ್ದರು. ಚಿಲಿ ವಿರುದ್ಧದ ಜರ್ಮನಿಯ ಪಂದ್ಯ ರದ್ದಾಯಿತು. ಹ್ಯಾನೋವರ್ ಕ್ರೀಡಾಂಗಣದ ನಡುವೆ ಶವಪೆಟ್ಟಿಗೆ ಇಟ್ಟಿದ್ದರು, ಸುಮಾರು 40,000 ಜನ ಸೇರಿದ್ದರು. ಮುಂದೆ ಎಂಕೆ ಹೆಸರಲ್ಲಿ ಪ್ರತಿಷ್ಠಾನವೂ ಹುಟ್ಟಿತು. ಲೀಗ್ ಮಾತ್ರ ಎಂದಿನಂತೆ ಮುಂದುವರಿಯಿತು.

2011ರಲ್ಲಿ ಆರ್ಸೆನಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 8–2ರಲ್ಲಿ ಮಣ್ಣುಮುಕ್ಕಿತ್ತು. ಮೂರೇ ದಿನದಲ್ಲಿ ಮೆರ್ಟೆಸಾಕರ್ ವೆರ್ಡರ್ ಬ್ರೆಮನ್ ಬಿಟ್ಟು ಲಂಡನ್‌ಗೆ ಬಂದರು. 2014ರಲ್ಲಿ ಇಂಗ್ಲೆಂಡ್‌ನ ಎಫ್ಎ ಕಪ್ ಟೂರ್ನಿಯ ಸೆಮಿಫೈನಲ್‌ನಲ್ಲಿ ವಿಗನ್‌ಗೆ ಪೆನಾಲ್ಟಿ ಸಿಕ್ಕಿದ್ದು ಇವರ ತಪ್ಪಿನಿಂದ. ಆ ಗೋಲನ್ನು ಸರಿಗಟ್ಟಿದ್ದೂ ಇವರೇ ತಲೆಯಿಂದ ಹೊಡೆದ ಗೋಲು. ಆರ್ಸೆನಲ್ ಆ ಕಪ್ ಗೆದ್ದಿತು, ಒಂಬತ್ತು ವರ್ಷದ ಪ್ರಶಸ್ತಿ ಬರ ನೀಗಿತು.

ಅದೇ ವರ್ಷ ಬ್ರೆಜಿಲ್ ವಿಶ್ವಕಪ್. ಅಲ್ಜೀರಿಯಾ ವಿರುದ್ಧ ಹೇಗೋ 2–1ರಲ್ಲಿ ಗೆದ್ದ ಮೇಲೆ, ಆಟ ಯಾಕೆ ಇಷ್ಟು ಸಪ್ಪೆ ಎಂದು ಟಿವಿ ವರದಿಗಾರ ಕೆದಕಿದ. ಕೊನೆಯ 16ರಲ್ಲಿ ಇರೋದು ಜಾತ್ರೆ ತಂಡ ಅಂದುಕೊಂಡಿದ್ದೀರಾ ಎಂದು ಮೆರ್ಟೆಸಾಕರ್ ರೇಗಿದರು. ಮೂರು ದಿನ ಐಸ್ ತೊಟ್ಟಿಯಲ್ಲಿ ಮಲಗ್ತೀನಿ ಅಂದರು. ಜರ್ಮನಿ ನಕ್ಕು ಮೆಚ್ಚಿಕೊಂಡಿತು. ಮುಂದಿನ ಪಂದ್ಯಕ್ಕೆ ಅವರನ್ನು ಬೆಂಚಿನಲ್ಲಿ ಕೂರಿಸಿದರು. ಫೈನಲ್‌ನಲ್ಲಿ ಕೊನೆಯ ಕ್ಷಣಕ್ಕೆ ಬದಲಿಯಾಗಿ ಇಳಿದು ವಿಶ್ವ ಚಾಂಪಿಯನ್ ಆದರು.

ಅಷ್ಟೆಲ್ಲ ಗೆದ್ದವರು ಒತ್ತಡದ ಬಗ್ಗೆ ಮಾತಾಡಿದಾಗ ಜನರಿಗೆ ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಡೈಸ್ಲರ್, ಎಂಕೆ ವಿಷಯದಲ್ಲಿ ಕಾಯಿಲೆ ಎಂಬ ಉತ್ತರವಿತ್ತು. ಮೆರ್ಟೆಸಾಕರ್ ತಮಗೆ ಖಿನ್ನತೆ ಇದೆ ಅನ್ನಲಿಲ್ಲ. ಕೆಲಸ ನಿಭಾಯಿಸಿದ್ದರು, ಸಂಬಳ ಎಣಿಸಿದ್ದರು, ಕಪ್ ಎತ್ತಿದ್ದರು. ಹಾಗಾಗಿ ಕನಿಕರದ ಬದಲು ಪ್ರಶ್ನೆ ಬಂತು. ಇಂಥವರು ಯುವ ಆಟಗಾರರಿಗೆ ವೃತ್ತಿಪರತೆ ಹೇಗೆ ಕಲಿಸುತ್ತಾರೆ ಎಂದು 1990ರ ವಿಶ್ವಕಪ್ ವಿಜೇತ ನಾಯಕ ಲೋಥರ್ ಮಥೌಸ್ ಟಿವಿಯಲ್ಲೇ ಕೇಳಿದರು. ಮಥೌಸ್ ಪ್ರಶ್ನೆ ನನಗೆ ತಲೆಕೆಳಗಾಗಿ ಕಾಣುತ್ತದೆ. ಮಾತಾಡಿದವರಿಗೇ ಹೀಗೆ ಕೇಳಿದರೆ, ಕೋಣೆಯಲ್ಲಿ ಕೂತು ಓಕರಿಸುವ ಹದಿನೇಳರ ಹುಡುಗ ಯಾರ ಬಳಿ ಹೋಗಬೇಕು?

ಆದರೆ ಭಯ ಬರೀ ಹೊರೆ ಎಂಬ ವಾದಕ್ಕೆ ಪೂರ್ತಿ ಹೊಂದದ ಒಂದು ಪಂದ್ಯವಿದೆ. 2016–17ರ ಸೀಸನ್ ಹೆಚ್ಚುಕಡಿಮೆ ಇಡೀ ಮಂಡಿ ಗಾಯದಲ್ಲೇ ಕಳೆದಿತ್ತು. ಆರ್ಸೆನಲ್‌ನ ಇತರ ಡಿಫೆಂಡರ್‌ಗಳಲ್ಲಿ ಕಶ್ಯೆಲ್ನಿಗೆ ನಿಷೇಧ, ಗೇಬ್ರಿಯಲ್‌ಗೆ ಗಾಯ. ಹಾಗಾಗಿ ಚೆಲ್ಸಿ ವಿರುದ್ಧದ ಎಫ್ಎ ಕಪ್ ಫೈನಲ್‌ಗೆ ಮೆರ್ಟೆಸಾಕರ್ ಇಳಿಯಲೇಬೇಕಾಯಿತು. ಆ ಸೀಸನ್‌ನಲ್ಲಿ ಮೊದಲ ನಿಮಿಷದಿಂದ ಆಡಿದ್ದು ಅದೊಂದೇ ಪಂದ್ಯ. ಮೂವರ ರಕ್ಷಣಾ ಸಾಲಿನ ನಡುವೆ ನಿಂತು ಚೆಲ್ಸಿಯ ಕೋಸ್ಟಾ, ಹಜಾರ್ಡ್ ದಾಳಿಯನ್ನು ತಡೆದರು. ಆರ್ಸೆನಲ್ 2–1ರಲ್ಲಿ ಗೆದ್ದಿತು. ಭಯ ಇದ್ದರೂ ಆಡಿದರಾ, ಭಯದಿಂದಲೇ ಅಷ್ಟು ಚೆನ್ನಾಗಿ ಆಡಿದರಾ? ಎರಡೂ ಇರಬಹುದು.

2018ರ ಬೇಸಿಗೆಯಲ್ಲಿ ಅವರು ಯುವ ಆಟಗಾರರನ್ನು ಬೆಳೆಸುವ ಆರ್ಸೆನಲ್ ಅಕಾಡೆಮಿಯ ಮುಖ್ಯಸ್ಥರಾದರು. ಮಥೌಸ್ ಅನುಮಾನಪಟ್ಟಿದ್ದು ಇದೇ ಕೆಲಸದ ಬಗ್ಗೆ.